ಎದುರು ಪಕ್ಷ ಹೇಳದ ಮಾತು

ಮಗಳೇ,

ಇಂದು ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ: ಇಲ್ಲಿ ಜಾರಿಯಲ್ಲಿರುವ ಗರ್ಭಪಾತ ನಿಷೇಧ ಕಾನೂನು. ಕಾನೂನಿನ ಪರ ಮಾತಾಡಿದ ಹುಡುಗಿ, "ಜೀವ ದೇವರು ಕೊಟ್ಟಿದ್ದು. ತಾಯಿ ಪ್ರಾಣಕ್ಕೆ ಕುತ್ತು ಬರೋದು ಅಪರೂಪ, ಅಪರೂಪಕ್ಕೆಲ್ಲ ಕಾನೂನು ಸಡಿಲಿಸೋಕಾಗಲ್ಲ" ಎಂದಳು. ಹರೆಯದಲ್ಲಿ ನಾನು ಗೆದ್ದದ್ದೂ ಇದೇ ವಾದದಿಂದ. ಎದುರು ಪಕ್ಷ ತಡವರಿಸಿತು. ನಿಯಮದಂತೆ ಬಹುಮಾನ ಅವಳಿಗೇ ಕೊಟ್ಟೆ.

ಹೊರಡುವಾಗ ಹಿಂದೆಯೇ ಬಂದಳು. "ಸರ್, ಅವರು ಏನು ಹೇಳಿದ್ರೆ ನಾನು ಸೋಲ್ತಿದ್ದೆ?"

"ತಡವಾಯ್ತು, ಮನೆಗೆ ಹೋಗಮ್ಮ" ಎಂದೆ.

"ಹೊಟ್ಟೆಯಲ್ಲಿರೋ ಮಗುವಿನ ಎದೆಬಡಿತ ನಿಲ್ಲದೆ ನಾವು ಕೈಹಾಕೋ ಹಾಗಿಲ್ಲ" ಎಂದು ವೈದ್ಯರು ಕಾನೂನು ಹೇಳಿದ ದಿನ, ನೀನು "ಅಪ್ಪಾ, ನೀವಾದ್ರೂ ವಾದ ಮಾಡಿ" ಎಂದು ಬೇಡಿದ್ದೆ. ನಾನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತ ಕುಳಿತಿದ್ದೆ. ಮೊದಲು ನಿಂತದ್ದು ನಿನ್ನ ಎದೆಬಡಿತ.