ಮಾವನ ಡೀಸೆಲ್ ಗಾಡಿ

ಮಾರ್ಚ್ 4, ಬೆಳಗ್ಗೆ 6.20

ಶುರುವಾಯಿತು. ಗಡ ಗಡ ಗಡ. ಮಂಚದ ಪಕ್ಕದ ಕಿಟಕಿಯ ಗಾಜು ನಡುಗುತ್ತಿದೆ. ಮಾವ ಕಾರು ಸ್ಟಾರ್ಟ್ ಮಾಡಿ ನಿಲ್ಲಿಸಿದ್ದಾರೆ. ಡೀಸೆಲ್ ಎಂಜಿನ್ ಮೊದಲು ಬೆಚ್ಚಗಾಗಬೇಕಂತೆ. ನನ್ನ ನಿದ್ದೆ ಹಾಳಾದರೂ ಪರವಾಗಿಲ್ಲ. ಆರು ವರ್ಷದಿಂದ ಇದೇ ಅಲಾರಂ. ಇವಳು ಮಗ್ಗುಲು ಕೂಡ ಬದಲಿಸುವುದಿಲ್ಲ. ಅಪ್ಪನ ಗಾಡಿಯ ಸದ್ದಿನಲ್ಲೇ ಬೆಳೆದವಳು, ಅವಳಿಗೆ ಅದು ಜೋಗುಳ.

ಮನೆ ಅವರದು. ಕಿಟಕಿ ಅವರದು. ಮನೆ ಅಳಿಯ ಬಾಯಿ ಮುಚ್ಚಿಕೊಂಡು ಮಲಗಬೇಕು. ಮಲಗಿದ್ದೇನೆ.

ಮಾರ್ಚ್ 9, ಭಾನುವಾರ

ಊಟಕ್ಕೆ ಇವಳ ಚಿಕ್ಕಪ್ಪ ಬಂದಿದ್ದರು. ಕಾರು ತಗೋಬೇಕು, ಪೆಟ್ರೋಲಾ ಡೀಸೆಲ್ಲಾ ಎಂದು ಕೇಳಿದರು. ಕೇಳಿದ್ದೇ ತಪ್ಪು. ಮಾವ ಮೂವತ್ತೆಂಟು ವರ್ಷ ದೂರದೂರಿನ ಬಸ್ಸು ಓಡಿಸಿದವರು. ಈ ವಿಷಯಕ್ಕೆ ಬಾಯಿ ತೆರೆದರೆ ಬ್ರೇಕ್ ಇಲ್ಲ.

"ಪೆಟ್ರೋಲ್ ಗಾಡಿ ಏರು ಕಂಡ ಕೂಡ್ಲೇ ಕಿರುಚೋಕೆ ಶುರು ಮಾಡುತ್ತೆ ಕಣೋ. ಗೇರ್ ಇಳಿಸು, ಆಕ್ಸಿಲರೇಟರ್ ಒತ್ತು, ಅದರ ಕೈಕಾಲು ಹಿಡಿ. ಡೀಸೆಲ್ ಹಾಗಲ್ಲ. ಐದು ಜನ ಕೂತಿರಲಿ, ಡಿಕ್ಕಿ ತುಂಬ ಸಾಮಾನಿರಲಿ, ಮೂರನೇ ಗೇರಲ್ಲೇ ಸುಮ್ಮನೆ ಎಳ್ಕೊಂಡು ಹೋಗುತ್ತೆ. ಒಂದ್ಸಲ ಟ್ಯಾಂಕ್ ತುಂಬಿಸಿದ್ರೆ ಪಂಪಿನ ದಾರೀನೇ ಮರ್ತುಹೋಗುತ್ತೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ್ರೂ ಎಂಜಿನ್ ಕೆಮ್ಮಲ್ಲ. ಆದ್ರೆ ದೂರ ಓಡಿಸೋನಿಗೆ ಮಾತ್ರ. ಬರೀ ಊರೊಳಗೆ ಸುತ್ತಿಸಿದ್ರೆ ಒಳಗೆಲ್ಲಾ ಮಸಿ ಕಟ್ಕೊಳ್ಳುತ್ತೆ. ಅದಕ್ಕೇ ಶನಿವಾರ ಶನಿವಾರ ನಾನು ಹೈವೇಗೆ ಕರ್ಕೊಂಡು ಹೋಗಿ ಗಂಟಲು ಬಿಡಿಸ್ಕೊಂಡು ಬರ್ತೀನಿ."

"ಹಾಗಾದ್ರೆ ಪೆಟ್ರೋಲ್ ಗಾಡಿ ಯಾರಿಗಣ್ಣಾ?"

ಮಾವ ನನ್ನ ಕಡೆ ನೋಡಿದರು. "ಅಂಗಡಿ ಬಾಗಿಲು ತೆಗೆದು, ಅಂಗಡಿ ಬಾಗಿಲು ಹಾಕಿ ಬರೋರಿಗೆ. ನಮ್ಮ ಅಳಿಯಂದಿರ ಹೊಲಿಗೆ ಮೆಷಿನ್ ಇಲ್ವಾ, ಅಂಥದ್ದು."

ನನ್ನ ಪೆಟ್ರೋಲ್ ಕಾರಿಗೆ ಅವರಿಟ್ಟ ಹೆಸರು ಅದು. ಎಲ್ಲರೂ ನಕ್ಕರು. ಇವಳೂ. ಪುಟ್ಟಿಯೂ — ನನ್ನ ಮಗಳು, ಏಳು ವರ್ಷ, ತಾತನ ತಟ್ಟೆಯ ಪಕ್ಕವೇ ಕೂರುವವಳು. ನಾನೂ ನಕ್ಕೆ. ಬಾಯಲ್ಲಿದ್ದದ್ದು ಅವರ ಮನೆಯ ತುತ್ತು.

ಮಾರ್ಚ್ 21

ಮಾವ ಗೇಟಿಗೆ ಕಾರು ಉಜ್ಜಿಸಿದರು. ಎಡಬಾಗಿಲಿಗೆ ಗೇಣುದ್ದದ ಗೀರು. ಒಳಗೊಳಗೇ ಕುಣಿದಾಡಿಬಿಟ್ಟೆ, ಸುಳ್ಳೇಕೆ ಹೇಳಲಿ.

ಇವಳು ಆಸ್ಪತ್ರೆಯಿಂದ ಬಂದವಳು ನರ್ಸ್ ಬಟ್ಟೆಯಲ್ಲೇ ನಿಂತು ನೋಡಿದಳು. "ಅಪ್ಪಾ, ವಾರ್ಡಲ್ಲಿ ದಿನಾ ನೋಡ್ತೀನಿ, ವಯಸ್ಸಾದೋರು ಕಾರು ಗುದ್ದಿಸ್ಕೊಂಡು ಬರೋದು. ಪುಟ್ಟಿನ ಬೇರೆ ಕೂರಿಸ್ಕೊಂಡು ಹೋಗ್ತೀರ. ಇದೊಂದು ಸಲ ಬಿಟ್ಟೆ. ಇನ್ನೊಂದು ತಪ್ಪಾಯ್ತು ಅಂದ್ರೆ ಕೀ ನನ್ನ ಕೈಗೆ."

"ಇನ್ನೊಂದು ತಪ್ಪಾಗಲಿ, ನಾನೇ ಕೊಡ್ತೀನಿ," ಎಂದರು ಮಾವ. ಮುಖ ಸಣ್ಣಗಾಗಿತ್ತು.

ಪುಟ್ಟಿಯನ್ನು ಶಾಲೆಗೆ ಬಿಡುವುದು, ಕರೆತರುವುದು, ಈಜಿಗೆ ಒಯ್ಯುವುದು — ರಿಟೈರ್ ಆದ ಮೇಲೆ ಅವರಿಗೆ ಉಳಿದಿರುವ ಡ್ಯೂಟಿ ಅದೊಂದೇ. ಕೀ ಹೋದರೆ ಆ ಮನುಷ್ಯ ಬರೀ ಕುರ್ಚಿ ಮೇಲಿನ ಮುದುಕ. ಒಂದು ತಪ್ಪು ಸಾಕು. ಒಂದೇ ಒಂದು.

ಮಾರ್ಚ್ 24

ಮಾವನನ್ನು ನಮ್ಮ ಕನ್ನಡಕದ ಅಂಗಡಿಗೆ ಕರೆದೊಯ್ದೆ. ಕಣ್ಣು ಪರೀಕ್ಷಿಸುವುದು ನನ್ನ ಕೆಲಸ. ಇವಳೇ ಹೇಳಿದ್ದು, ನೋಡಿಬಿಡಿ ಎಂದು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಗಲ್ಲ ಸ್ಟ್ಯಾಂಡಿನ ಮೇಲೆ ಇಡಿಸಿ, ಲೆನ್ಸ್ ಬದಲಿಸುತ್ತಾ ಹೋದೆ. ಕೊನೆಯ ಸಾಲಿನ ಅಕ್ಷರಗಳನ್ನು ಗಡಗಡನೆ ಓದಿಬಿಟ್ಟರು. ಅದರ ಕೆಳಗೆ ಚಾರ್ಟು ಅಚ್ಚು ಹಾಕಿದವರ ವಿಳಾಸವಿದೆ. ಅದನ್ನೂ ಓದಿದರು. "ಇನ್ನೇನಾದ್ರೂ ಇದ್ಯಾ ಅಳಿಯಂದ್ರೇ?"

ಸುಳ್ಳು ಬರೆಯೋಣವೆಂದರೆ ಡಾಕ್ಟರ ಸಹಿ ಬೇಕು. ಹಲ್ಲು ಕಚ್ಚಿ "ಚೆನ್ನಾಗಿದೆ ಮಾವ" ಎಂದೆ.

ಏಪ್ರಿಲ್ 11, ಶುಕ್ರವಾರ, ಸಂಜೆ 4

ಮುಗಿಸಿದೆ. ಕೈ ಮೂರು ಸಲ ತೊಳೆದೆ, ಇನ್ನೂ ವಾಸನೆ.

ತಲೆನೋವೆಂದು ಮನೆಯಲ್ಲೇ ಇದ್ದೆ. ಎರಡು ಗಂಟೆಗೆ ಮಾವ ಪಂಪಿಗೆ ಹೋಗಿ ಡೀಸೆಲ್ ಹಾಕಿಸಿಕೊಂಡು — ಅಲ್ಲ, ಈ ಹೊಸ ಪಂಪಿನಲ್ಲಿ ಹಾಕುವವರು ಯಾರೂ ಇಲ್ಲವಲ್ಲ, ಪೈಪು ನಾವೇ ಹಿಡಿಯಬೇಕು — ತಾವೇ ಹಾಕಿಕೊಂಡು ಬಂದರು. ನೋಡಿದವರಿಲ್ಲ. ಪಂಪ್ ಇಲ್ಲಿಂದ ಐದು ನಿಮಿಷದ ದಾರಿ, ಅಷ್ಟರಲ್ಲೇ ಗಾಡಿ ಯಾಕೆ ಕೆಡಲಿಲ್ಲವೆಂದು ಯಾರೂ ಕೇಳಲಾರರು. ಬಂದು ಮಲಗಿದರು. ಗೊರಕೆ ಕೇಳಿಸಿದ ಮೇಲೆ ಮೊಳೆಯಿಂದ ಕೀ ತೆಗೆದುಕೊಂಡೆ. ನನ್ನ ಗಾಡಿಗೆಂದು ತಂದಿಟ್ಟ ಪೆಟ್ರೋಲು, ಎರಡು ಕ್ಯಾನ್. ಲಾಳಿಕೆ ಇಟ್ಟು ಸುರಿದೆ. ಗುಳು ಗುಳು ಗುಳು. ಡ್ಯಾಶ್‌ಬೋರ್ಡ್ ಮೇಲೆ ಪಂಪಿನ ಚೀಟಿ ಇತ್ತು, ಡೀಸೆಲ್ ಎಂದು ದಪ್ಪ ಅಕ್ಷರದಲ್ಲಿ. ಹರಿದು ಕಕ್ಕಸಿಗೆ ಹಾಕಿ ನೀರು ಬಿಟ್ಟೆ.

ನಾಳೆ ಶನಿವಾರ. ಗಂಟಲು ಬಿಡಿಸುವ ದಿನ. ಒಬ್ಬರೇ ಹೋಗುತ್ತಾರೆ. ಎಲ್ಲೋ ಒಂದು ಕಡೆ ಕೆಮ್ಮಿ ನಿಲ್ಲುತ್ತದೆ. ಅಷ್ಟೇ. ಯಾರಿಗೂ ಏನೂ ಆಗುವುದಿಲ್ಲ.

ಏಪ್ರಿಲ್ 12, ಸಂಜೆ

ಪುಟ್ಟಿ ಜೊತೆಗೆ ಹೋಗಿದ್ದಳು. ನನಗೆ ಗೊತ್ತಿರಲಿಲ್ಲ. ನಾನು ಏಳುವ ಮುಂಚೆ ಹಠ ಮಾಡಿ ಹತ್ತಿದ್ದಾಳೆ. ಗೊತ್ತಿರಲಿಲ್ಲ, ಗೊತ್ತಿರಲಿಲ್ಲ.

ಹೈವೇಯ ನಡುವಿನ ಲೇನಿನಲ್ಲಿ ಎಂಜಿನ್ ನಿಂತಿದೆ. ಹಿಂದಿನಿಂದ ಬಂದ ಲಾರಿ ಬಲಗನ್ನಡಿಯನ್ನು ಕಿತ್ತುಕೊಂಡು ಹೋಗಿದೆ. ಒಂದು ಮೊಳ ಈಚೆ ಬಂದಿದ್ದರೆ... ಮಾವ ಮಗುವನ್ನು ಎಡಬಾಗಿಲಿಂದ ಎಳೆದು, ಎತ್ತಿಕೊಂಡು, ರಸ್ತೆಯಂಚಿನ ಅಡ್ಡತಡೆಯ ಆಚೆಗೆ ದಾಟಿಸಿ, ಒಂದು ಗಂಟೆ ಅಲ್ಲೇ ನಿಂತಿದ್ದರಂತೆ. ನಾವು ಹೋದಾಗ ಪುಟ್ಟಿಯ ಬಟ್ಟೆ ಒದ್ದೆಯಾಗಿತ್ತು. ಅಮ್ಮನ ಕತ್ತು ಬಿಡಲೇ ಇಲ್ಲ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಟ್ಯಾಂಕಿನಿಂದ ಬಾಟಲಿಗೆ ಇಳಿಸಿ ಮೂಸಿದ. ಬೆಳಕಿಗೆ ಹಿಡಿದ. "ಅರ್ಧಕ್ಕರ್ಧ ಪೆಟ್ರೋಲು. ಯಾರು ಸಾರ್ ಹಾಕಿದ್ದು? ಡೀಸೆಲ್ ಅಂದ್ರೆ ಎಂಜಿನ್ ಒಳಗಿನ ಪಂಪಿಗೆ ಎಣ್ಣೆ ಇದ್ದಂಗೆ. ಪೆಟ್ರೋಲ್ ಹೋದ್ರೆ ಒಣಗಿ, ಒಳಗೊಳಗೇ ಉಜ್ಜಿ ಪುಡಿ ಆಗುತ್ತೆ."

"ನಾನು ಡೀಸೆಲ್ಲೇ ಹಾಕಿದ್ದು," ಎಂದರು ಮಾವ. "ಚೀಟಿ ಇದೆ." ಅಂಗಿ ಜೇಬು ನೋಡಿದರು. ಪ್ಯಾಂಟಿನ ಜೇಬು. ಡ್ಯಾಶ್‌ಬೋರ್ಡ್. ಸೀಟಿನ ಕೆಳಗೆ ಬಗ್ಗಿ ತಡಕಾಡಿದರು, ಹಿಂದಿನಿಂದ ಅವರ ಬನಿಯನ್ ಕಾಣುತ್ತಿತ್ತು. "ಅರ್ಧ ಟ್ಯಾಂಕ್ ಹಾಕಿದ್ದೆ. ಬೆಳಗ್ಗೆ ನೋಡಿದ್ರೆ ಮುಳ್ಳು ಪೂರ್ತಿ ಮೇಲಿತ್ತು. ಆಗ್ಲೇ ಅನ್ಕೊಂಡೆ, ಇದೇನಪ್ಪಾ ಅಂತ."

ನಾನು ಅವರ ಭುಜದ ಮೇಲೆ ಕೈ ಇಟ್ಟೆ. ಮೆತ್ತಗೆ ಹೇಳಿದೆ: "ಪೂರ್ತಿ ತುಂಬಿಸಿದೆ ಅಂತ ನೀವೇ ನಿನ್ನೆ ನನ್ನ ಹತ್ರ ಹೇಳಿದ್ರಿ ಮಾವ. ಮರೆತಿದ್ದೀರ."

ನನ್ನನ್ನೇ ನೋಡಿದರು. ಆಮೇಲೆ, "ಹೇಳಿದ್ನಾ?" ಎಂದರು.

ಏಪ್ರಿಲ್ 13

ಕೀ ಇವಳು ಕೇಳಲಿಲ್ಲ. ಅವರೇ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಆರೂ ಇಪ್ಪತ್ತಕ್ಕೆ ಎಚ್ಚರವಾಯಿತು. ಸದ್ದಿಲ್ಲ. ಎಂಟರವರೆಗೆ ನಿದ್ದೆ. ಸ್ವರ್ಗ.

ಏಪ್ರಿಲ್ 29

ಪುಟ್ಟಿ ತಾತನ ಕೈ ಹಿಡಿಯುತ್ತಿಲ್ಲ. ಬೀದಿಯ ಕೊನೆಯ ಪಾರ್ಕಿಗೂ ಹೋಗಲೊಲ್ಲಳು. "ತಾತಂಗೆ ಎಲ್ಲಾ ಮರ್ತುಹೋಗುತ್ತೆ. ನನ್ನ ರೋಡಲ್ಲೇ ಬಿಟ್ಬಿಟ್ರೆ?" ಅವರೆದುರಿಗೇ ಅಂದಳು. ಮಾವ ತಲೆಯಾಡಿಸಿದರು, ಸರಿ ಎನ್ನುವಂತೆ.

ಗ್ಯಾಸ್ ಆಫ್ ಆಗಿದೆಯಾ ಎಂದು ದಿನಕ್ಕೆ ಹತ್ತು ಸಲ ಎದ್ದು ನೋಡುತ್ತಾರೆ. ನಲ್ಲಿ ಮುಟ್ಟಿ ನೋಡುತ್ತಾರೆ. ನಿನ್ನೆ ನನ್ನನ್ನು ಕೇಳಿದರು — "ನಾನು ಮಾತ್ರೆ ತಗೊಂಡ್ನಾ ಅಳಿಯಂದ್ರೇ?" ತಗೊಂಡಿದ್ದನ್ನು ನಾನೇ ನೋಡಿದ್ದೆ. "ಗೊತ್ತಿಲ್ಲ ಮಾವ, ಜ್ಞಾಪಿಸಿಕೊಳ್ಳಿ" ಎಂದೆ. ಮಾತ್ರೆ ಹಾಳೆ ಹಿಡಿದುಕೊಂಡು ಎಣಿಸುತ್ತಾ ಕುಳಿತರು.

ಏಕೆ ಹಾಗೆ ಹೇಳಿದೆ? ಹೇಳಬೇಕೆನಿಸಿತು, ಹೇಳಿದೆ.

ಮೇ 16

ಗಾಡಿ ರಿಪೇರಿಯಾಗಿ ಬಂತು. ಇವಳು ಕೀಯನ್ನು ನನಗೇ ಕೊಟ್ಟಳು. ಈಗ ಪುಟ್ಟಿಯನ್ನು ಬಿಡುವ ಡ್ಯೂಟಿ ನನ್ನದು.

ಬೆಟ್ಟದ ಕಾಲೋನಿಯ ಏರಿನಲ್ಲಿ ಬೇಕೆಂದೇ ಮೂರನೇ ಗೇರಿನಲ್ಲಿ ಬಿಟ್ಟೆ. ನನ್ನ ಗಾಡಿಯಾಗಿದ್ದರೆ ಅಲ್ಲೇ ಉಸಿರು ಬಿಡುತ್ತಿತ್ತು. ಇದು ಕೆಳಗಿನಿಂದ ಯಾರೋ ಕೈ ಕೊಟ್ಟು ನೂಕಿದ ಹಾಗೆ ಹತ್ತಿತು. ಅವಸರವಿಲ್ಲ, ಕಿರುಚಾಟವಿಲ್ಲ. ಸ್ಟೀರಿಂಗ್ ಮೂಲಕ ಒಂದು ಗುಂಯ್ ಅಂಗೈಗೆ ಬರುತ್ತದೆ, ಹಿತವಾಗಿರುತ್ತದೆ. ಇದರ ಹುಚ್ಚು ಹಿಡಿದವರು ಬೇರೆ ಗಾಡಿ ಯಾಕೆ ಮುಟ್ಟುವುದಿಲ್ಲವೆಂದು ಈಗ ಗೊತ್ತಾಯಿತು. ಮಾವ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಹೊಲಿಗೆ ಮೆಷಿನ್ ಮಾರಿಬಿಡುತ್ತೇನೆ.

ಜೂನ್ 3

ನೆನಪಿನ ಡಾಕ್ಟರ ಬಳಿ ಕರೆದೊಯ್ದೆವು. ಮುಕ್ಕಾಲು ಗಂಟೆ ಪರೀಕ್ಷೆ. ಗಡಿಯಾರ ಬಿಡಿಸಿ, ಐದು ಪದ ನೆನಪಿಡಿ, ನೂರರಿಂದ ಏಳೇಳು ಕಳೆಯಿರಿ. ಎಲ್ಲಾ ಸರಿ. ಡಾಕ್ಟರು ನಕ್ಕರು: "ನನಗಿಂತ ಚುರುಕಾಗಿದ್ದೀರಿ. ನಿಮಗೇನೂ ಆಗಿಲ್ಲ."

ಮಾವ ಅತ್ತುಬಿಟ್ಟರು. ಕರ್ಚೀಫು ಕೂಡ ತೆಗೆಯದೆ, ಡಾಕ್ಟರ ಮೇಜಿನ ಮುಂದೆ, ಭುಜ ಕುಲುಕಿಸಿಕೊಂಡು. ಕಾರಿನಲ್ಲಿ ಇವಳಿಗೆ ಹೇಳುತ್ತಿದ್ದರು — "ಮಾತಿಗೆ ಹೇಳ್ತಾರಮ್ಮ. ಏನೂ ಆಗಿಲ್ಲ ಅಂದ್ರೆ ಪೆಟ್ರೋಲ್ ಎಲ್ಲಿಂದ ಬಂತು? ಮೂವತ್ತೆಂಟು ವರ್ಷ ಹಿಡಿದ ಕೈ. ಆ ಕೈಯೇ ಹೀಗೆ ಮಾಡ್ತು ಅಂದ್ರೆ, ಇನ್ನೇನು ಮಾಡಲ್ಲ ಅದು?"

ಕನ್ನಡಿಯಲ್ಲಿ ನೋಡಿದೆ. ಮೊಣಕಾಲಿನ ಮೇಲೆ ತಮ್ಮ ಬಲಗೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಗಾಡಿ ನಿಲ್ಲಿಸಿ ಇಳಿದು ಒಂದು ನಿಮಿಷ ಗಾಳಿಗೆ ನಿಂತೆ.

ಜೂನ್ 10

ವೃದ್ಧಾಶ್ರಮಕ್ಕೆ ಹೋಗುತ್ತಾರಂತೆ. ತಾವೇ ಫೋನು ಮಾಡಿ, ತಾವೇ ಕೋಣೆ ಗೊತ್ತು ಮಾಡಿಕೊಂಡಿದ್ದಾರೆ. ಇವಳು ಕಾಲು ಹಿಡಿದು ಬೇಡಿಕೊಂಡಳು. "ಮಗು ಇರೋ ಮನೆ ಕಣಮ್ಮ. ಇವತ್ತು ಪೆಟ್ರೋಲು, ನಾಳೆ ಗ್ಯಾಸು. ಅವಳಿಗೇನಾದ್ರೂ ಆದ್ರೆ ನಾನು ಹೇಗೆ ಇರ್ಲಿ?"

ಮನೆ ನಮ್ಮಿಬ್ಬರ ಹೆಸರಿಗೆ ಬರೆಯುತ್ತೇನೆಂದರು. ನನ್ನ ಹೆಸರೂ ಹೇಳಿದರು. ಬೇಕಾದದ್ದೆಲ್ಲಾ ಕೇಳದೆಯೇ ಸಿಕ್ಕಿತು. ಊಟ ಸೇರಲಿಲ್ಲ.

ಜೂನ್ 14, ಶನಿವಾರ, ಸಂಜೆ

ಹೇಳಿಬಿಟ್ಟೆ.

ಸೂಟ್‌ಕೇಸಿಗೆ ಅಂಗಿ ಮಡಚಿಡುತ್ತಿದ್ದರು. ಇವಳೂ ಅಲ್ಲೇ ಇದ್ದಳು. ಬಾಗಿಲಲ್ಲಿ ನಿಂತು ಹೇಳಿದೆ: "ಮಾವ, ಪೆಟ್ರೋಲ್ ಹಾಕಿದ್ದು ನೀವಲ್ಲ. ನಾನು. ನೀವು ಮಲಗಿದ್ದಾಗ ಕ್ಯಾನಿಂದ ಸುರಿದೆ. ಚೀಟಿ ನಾನೇ ಹರಿದೆ."

ಹೊಡೆಯಲಿ ಎಂದು ಕಾದೆ.

ಮಾವ ಅಂಗಿ ಕೆಳಗಿಟ್ಟರು. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅಳಿಯಂದ್ರೇ, ನಿಮ್ಮನ್ನ ಎಷ್ಟು ಆಡ್ಕೊಂಡಿದೀನಿ. ಹೊಲಿಗೆ ಮೆಷಿನ್ ಅಂದೆ, ನಾಲ್ಕು ಜನರ ಮುಂದೆ ನಗೆಪಾಟಲು ಮಾಡ್ದೆ. ಅಂಥದ್ರಲ್ಲಿ ನನ್ನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದ್ರಲ್ಲ. ಹೆತ್ತ ಮಗನೂ ಇಷ್ಟು ಮಾಡ್ತಿರ್ಲಿಲ್ಲ."

"ಇಲ್ಲ ಮಾವ, ನಿಜವಾಗ್ಲೂ —"

"ಸಾಕು. ಗೊತ್ತಾಯ್ತು ನಂಗೆ. ಸ್ವಂತ ಮಗು ಕೂರೋ ಗಾಡಿಗೆ ಯಾವ ಅಪ್ಪ ಹಾಗೆ ಮಾಡ್ತಾನೆ?"

ಇವಳು ಅಳುತ್ತಿದ್ದಳು. ಬಂದು ನನ್ನ ತೋಳಿಗೆ ಹಣೆ ಆನಿಸಿದಳು. "ಸುಳ್ಳಾದ್ರೂ ಎಂಥಾ ಸುಳ್ಳು ಹೇಳಿದ್ರಿ ರೀ." ಎಷ್ಟೋ ವರ್ಷದ ಮೇಲೆ ನನ್ನನ್ನು ಹಾಗೆ ಮುಟ್ಟಿದ್ದು. ಅವಳ ಕೂದಲಿನ ಬಿಸಿ ಅಂಗಿಯ ಒಳಗೆ ತಾಗಿತು.

ಎರಡನೇ ಸಲ ಹೇಳಬಹುದಿತ್ತು. ಎಲ್ಲಿ ಪೆಟ್ರೋಲ್ ಕೊಂಡೆ, ಲಾಳಿಕೆ ಎಲ್ಲಿದೆ, ಎಲ್ಲಾ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಬೆನ್ನು ಸವರಿದೆ.

ಜೂನ್ 15, ಬೆಳಗ್ಗೆ 8.40

ಸೂಟ್‌ಕೇಸು ಡಿಕ್ಕಿಯಲ್ಲಿ. ಒಂಬತ್ತಕ್ಕೆ ಹೊರಡಬೇಕು. ಗಾಡಿ ಓಡಿಸುವವನು ನಾನು.

ಈಗ ತಾನೇ ಮಾವ ಕೋಣೆಗೆ ಬಂದಿದ್ದರು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ — "ಒಂದು ಉಪಕಾರ ಆಗಬೇಕು. ನಿನ್ನೆ ನಂಗೆ ಹೇಳಿದ್ರಲ್ಲ, ಆ ಸುಳ್ಳನ್ನ ಪುಟ್ಟಿಗೂ ಒಂದ್ಸಲ ಹೇಳಿ. ಅವಳು ಚಿಕ್ಕವಳು, ನಂಬ್ತಾಳೆ. ತಾತ ಮಾಡಿದ್ದಲ್ಲ ಅಂತ ಗೊತ್ತಾದ್ರೆ ಹೋಗೋ ಮುಂಚೆ ಒಂದು ಸಲ ನನ್ನ ಹತ್ರ ಬರ್ತಾಳೇನೋ. ನಿಮ್ಮನ್ನ ಎರಡು ದಿನ ಬೈಕೋತಾಳೆ, ಆಮೇಲೆ ಸರಿಹೋಗುತ್ತೆ."

ಆಗಲಿ ಮಾವ ಎಂದೆ. ಕೈ ಮುಗಿದು ಹೋದರು. ನನಗೆ ಕೈ ಮುಗಿದರು.

ನಂಬುತ್ತಾಳೆ. ಅವಳೊಬ್ಬಳು ನಂಬುತ್ತಾಳೆ. ಅದೇ ಭಯ.

ಕರೆದೆ. ಬಂದಿದ್ದಾಳೆ. ಒಂದು ಕಾಲಿಗೆ ಮಾತ್ರ ಬೂಟು. ಮೇಜಿಗೆ ಒರಗಿಕೊಂಡು ನಾನು ಬರೆಯುವುದನ್ನು ನೋಡುತ್ತಿದ್ದಾಳೆ, ಇನ್ನೂ ಒತ್ತಕ್ಷರ ಓದಲು ಸರಿಯಾಗಿ ಬರುವುದಿಲ್ಲ ಅವಳಿಗೆ. ಏನಪ್ಪಾ, ಯಾಕೆ ಕರೆದೆ ಎನ್ನುತ್ತಿದ್ದಾಳೆ. ಹೊರಗೆ ತಾತ ಕಾಯುತ್ತಿದ್ದಾರೆ.

ಏನಿಲ್ಲ ಪುಟ್ಟಿ ಎಂದೆ, ಹೋಗಿ ಇನ್ನೊಂದು ಬೂಟು ಹಾಕಿಕೋ.