ಬೈಗುಳ ಕೇಳಿಸಿಕೊಂಡವನು

ಪಾದ್ರಿಯವರಿಗೆ ಟೈಲರಮ್ಮ ಮಾಡುವ ವಂದನೆಗಳು.

ನಮ್ಮ ಯಜಮಾನರನ್ನು ಮಣ್ಣು ಮಾಡಿದ ಮೇಲೆ ನೀವು ಈ ಕಡೆ ತಲೆಹಾಕಿಲ್ಲ. ಅವರು ಗುಣವಾಗಲೆಂದು ನೀವು ಮಾಡಿದ ಪ್ರಾರ್ಥನೆ ಫಲಿಸಲಿಲ್ಲವೆಂಬ ಸಂಕೋಚವಿರಬೇಕು.

ನಿನ್ನೆ ಹೊಲಿಗೆ ಮೆಷಿನ್ ಮುಂದೆ ಕೂತು ದೇವರಿಗೆ ಬಾಯಿಗೆ ಬಂದಂತೆ ಬೈದೆ. "ಕಿವಿ ಕೇಳಲ್ವಾ ನಿನಗೆ?" ಅಂದೆ. ಸುಸ್ತಾಗಿ ಸುಮ್ಮನಾದಾಗ, ಕೋಣೆಯಲ್ಲಿ ನಾನೊಬ್ಬಳೇ ಇಲ್ಲವೆಂದು ಗೊತ್ತಾಯಿತು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ನಾನು ಕೂಗಾಡುವಾಗ ಯಜಮಾನರು ಎದ್ದು ಹೋಗದೆ, ಮುಗಿಯುವವರೆಗೂ ಪಕ್ಕದಲ್ಲೇ ಕೂತಿರುತ್ತಿದ್ದರು. ಆತನೂ ಹಾಗೇ ಕೂತಿದ್ದ.

ನಿಮ್ಮ ಕೊಡೆ ಇಲ್ಲೇ ಉಳಿದಿದೆ. ಹರಿದ ಕಡೆ ಹೊಲಿಗೆ ಹಾಕಿಟ್ಟಿದ್ದೇನೆ. ಯಾರನ್ನೂ ಕಳಿಸಬೇಡಿ, ನೀವೇ ಬನ್ನಿ. ಹೆದರಬೇಡಿ, ನನ್ನ ಬಳಿಯಿದ್ದ ಬೈಗುಳವೆಲ್ಲ ದೇವರಿಗೇ ಖರ್ಚಾಗಿ ಹೋಗಿದೆ.

ಇಂತಿ,
ಟೈಲರಮ್ಮ