ಹನ್ನೊಂದು ತಿಂಗಳ ಮರಾಠಿ

ಜೋಗೇಶ್ವರಿ, ಮುಂಬಯಿ
ತಾ. 14-3-1978, ಮಂಗಳವಾರ

ಮಸ್ಕತ್‌ನಲ್ಲಿರುವ ನಮ್ಮವರಿಗೆ ಸುಂದ್ರವ್ವ ಮಾಡುವ ನಮಸ್ಕಾರ.

ನೀವು ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ವೆಲ್ಡಿಂಗ್ ಕಿಡಿಗೆ ಕೆಂಪಾಗಿದ್ದ ಎಡಗಣ್ಣು ಈಗ ಹೇಗಿದೆ, ಕಪ್ಪು ಕನ್ನಡಕ ಹಾಕಿಕೊಳ್ಳುತ್ತೀರೋ ಇಲ್ಲವೋ ಬರೆಯಿರಿ. ರೊಟ್ಟಿಗೆಂದು ಕಳಿಸಿದ ಶೇಂಗಾ ಹಿಂಡಿ ಮುಟ್ಟಿದ್ದು ತಿಳಿದು ಸಂತೋಷವಾಯಿತು. ಇಲ್ಲಿ ನಾನು, ಮಗಳು ಇಬ್ಬರೂ ಕ್ಷೇಮ. ಭಾಗಿಯ ಮುಂದಿನ ಎರಡು ಹಲ್ಲು ಬಿದ್ದಿವೆ. ಇನ್ನು ಮುಂದಿನದನ್ನು ಒಬ್ಬರೇ ಕೂತು ಓದಿ. ಯಾವಾಗಿನಂತೆ ಖೋಲಿಯ ಗೆಳೆಯರ ಮುಂದೆ ಗಟ್ಟಿಯಾಗಿ ಓದಬೇಡಿ.

ಮೊನ್ನೆ ರವಿವಾರ ನಿಮ್ಮ ಚಿಕ್ಕಪ್ಪನ ಮಗ ಬಂಡೆಪ್ಪ ಬಂದಿದ್ದ. ಚಾಳಿನ ಕೆಳಗೆ ಟ್ಯಾಕ್ಸಿ ನಿಲ್ಲಿಸಿಯೇ ಮೇಲೆ ಬಂದ. ಕೈಯಲ್ಲಿ ಹುಡುಗಿಗೆ ಹೊಸ ಫ್ರಾಕು, ಕಿಸೆಯಲ್ಲಿ ನೀವು ಅವನಿಗೆ ಬರೆದ ಪತ್ರ. ಪತ್ರ ಕೊಡು ಎಂದೆ, ಕೊಡಲು ಹಿಂಜರಿದ. ನಾನೇ ಕಸಿದುಕೊಂಡು ಓದಿದೆ. ಹುಡುಗಿಯನ್ನು ಪುಣೆಯ ಆಚೆ ಇರುವ ಬುದ್ಧಿಮಾಂದ್ಯರ ಆಶ್ರಮಕ್ಕೆ ಸೇರಿಸಿ ಬಾ, ನಿನ್ನ ವೈನಿಗೆ ನಾನು ಆಮೇಲೆ ತಿಳಿಸಿ ಹೇಳುತ್ತೇನೆ ಎಂದು ಬರೆದಿದ್ದೀರಿ. ಹೆತ್ತು ಆರು ವರ್ಷ ಸಾಕಿದವಳಿಗೆ ಆಮೇಲೆ ತಿಳಿಸಿ ಹೇಳುವುದು. ಬಂಡೆಪ್ಪ ಬಾಗಿಲಲ್ಲೇ ನಿಂತು, "ವೈನೀ, ಅಣ್ಣ ಹೇಳ್ಯಾನ, ನಾ ಏನ್ ಮಾಡ್ಲಿ, ಟ್ಯಾಕ್ಸಿಯವ ಕೆಳಗ ಬೊಬ್ಬಿ ಹೊಡೀಲಿಕತ್ಯಾನ" ಎಂದ. ಹುಡುಗಿ ಎಲ್ಲಿಗೂ ಬರುವುದಿಲ್ಲ, ಚಹಾ ಕುಡಿದು ಹೋಗು ಎಂದೆ. "ಅಣ್ಣ ನನಗ ಬೈತಾನಲ್ಲ ವೈನಿ" ಎಂದ. "ಬೈಸ್ಕೋ. ನಾ ವರ್ಷಗಟ್ಟಲೆ ಬೈಸ್ಕೊಂಡೀನಿ, ನೀ ಒಂದ ದಿನಾ ಬೈಸ್ಕೋ" ಎಂದೆ. ಪಾಪ, ಅವನು ಚಹಾ ಕುಡಿಯದೆ ಹೋದ. ಫ್ರಾಕು ಇಲ್ಲಿಯೇ ಇದೆ, ಅಳತೆ ಸರಿಯಾಗಿದೆ.

ಹೋದ ವರ್ಷ ಮಾರ್ಚ್‌ನಲ್ಲಿ ನೀವು ಮಸ್ಕತ್‌ಗೆ ಹೊರಡುವ ಐದು ದಿನ ಮೊದಲು ಭಾಗಿಗೆ ಮಾತು ಸರಿಯಾಗಿ ಬರಲಿಲ್ಲವೆಂದು ನಾವು ದಾದರ್‌ನ ಆ ಡಾಕ್ಟರರ ಹತ್ತಿರ ಹೋದದ್ದು ನಿಮಗೆ ನೆನಪಿದೆಯೇ? ಭಾಗಿ ಹತ್ತು ನಿಮಿಷ ಅವರ ಮೇಜಿನ ಮೇಲಿದ್ದ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. ಅವರು ಒಂದು ಸಲ ಚಪ್ಪಾಳೆ ತಟ್ಟಿ ಕಿವಿ ಸರಿಯಿದೆ ಎಂದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಮೂರು ಭಾಷೆಯಲ್ಲಿ ಮಗು ಗೊಂದಲಗೊಂಡಿದೆ, ಶಾಲೆಯ ಭಾಷೆ ಒಂದನ್ನೇ ಆಡಿ ಎಂದು ನಿಮಗೆ ಹೇಳಿದರು. ನೀವು ಲೋಕಲ್‌ನಲ್ಲಿ ಬರುವಾಗ ಅಂಧೇರಿ ದಾಟುವುದರೊಳಗೆ, "ಇವತ್ತಿಂದ ಮನ್ಯಾಗ ಕನ್ನಡ ಬಂದ್" ಎಂದಿರಿ. ನನಗೆ ಎಷ್ಟು ಮರಾಠಿ ಬರುತ್ತದೆ ಎಂದು ಕೇಳಲಿಲ್ಲ. ನಾನು ಸಿಂದಗಿಯಲ್ಲಿ ಏಳನೆಯ ಇಯತ್ತೆ ಓದಿದವಳು. ನನ್ನ ಮರಾಠಿಯೆಂದರೆ ಕಾಯಿಪಲ್ಲೆಯವಳ ಹತ್ತಿರ ಭಾವ ಕೇಳುವುದು, ನಳದ ಸಾಲಿನಲ್ಲಿ ಸರಿಯಿರಿ ಎನ್ನುವುದು, ಅಷ್ಟೆ. ಹನ್ನೊಂದು ತಿಂಗಳು ನಾನು ನನ್ನ ಮಗಳ ಜೊತೆ ನಳದ ಸಾಲಿನ ಮಾತು ಆಡಿದೆ. ಬಾ, ಕೂಡು, ಸರಿ, ಬೇಡ. ಅವಳು ಜ್ವರ ಬಂದು ಎರಡು ದಿನ ಮಲಗಿದ್ದಾಗ ಹಣೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತೆ, ರಮಿಸಲು ಮರಾಠಿಯಲ್ಲಿ ಒಂದು ಮಾತೂ ಗೊತ್ತಿರಲಿಲ್ಲ. ನಿಮ್ಮ ಪ್ರತಿ ಪತ್ರದ ಕೊನೆಗೂ ಕನ್ನಡ ಆಡುತ್ತಿಲ್ಲ ತಾನೆ ಎಂಬ ಪ್ರಶ್ನೆ ಇರುತ್ತಿತ್ತು. ಇಲ್ಲ ಎಂದು ಬರೆಯುತ್ತಿದ್ದೆ. ಅದು ನಿಜವೂ ಆಗಿತ್ತು. ಆ ಮೂರ್ಖತನಕ್ಕೆ ನನ್ನ ಮೇಲೂ ಸಿಟ್ಟಿದೆ, ಆದರೆ ನಿಮ್ಮ ಮೇಲಿನದು ಹೆಚ್ಚು.

ನಮ್ಮ ಚಾಳಿನ ಕೊನೆಯ ಖೋಲಿಯ ಮಲ್ಲಕ್ಕ ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಆಯಾ. ಅವಳೇ ಫೆಬ್ರುವರಿಯಲ್ಲಿ ನಮ್ಮಿಬ್ಬರನ್ನು ಮಕ್ಕಳ ವಿಭಾಗದ ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದಳು. ಅವರು ಎರಡು ತಾಸು ನಮ್ಮ ಜೊತೆ ಕೂತರು, ಅದರಲ್ಲಿ ಒಂದು ತಾಸು ನೆಲದ ಮೇಲೆ. ಅವರು ಮರಾಠಿಯಲ್ಲಿ ಕೇಳುವುದು, ಮಲ್ಲಕ್ಕ ಕನ್ನಡದಲ್ಲಿ ಹೇಳುವುದು. ಹೆಸರು ಕರೆದರೆ ತಿರುಗಿ ನೋಡುತ್ತಾಳೆಯೇ? ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾಳೆಯೇ? ಇಲ್ಲ, ನನ್ನ ಮಣಿಕಟ್ಟು ಹಿಡಿದು ನನ್ನ ಕೈಯನ್ನೇ ಡಬ್ಬಿಯ ಮೇಲಿಡುತ್ತಾಳೆ ಎಂದೆ. ಅದನ್ನು ಅವರು ಬರೆದುಕೊಂಡರು. ಮೊದಲೆಲ್ಲ ಹಾಲು ಬೇಕಾದಾಗ ಅವಳು "ಹಾಲ ಕುಡೀತಿಯೇನ ನನ್ನವ್ವಾ" ಎಂದು ನನ್ನ ದನಿಯಲ್ಲೇ ಹೇಳುತ್ತಿದ್ದುದನ್ನೂ ಹೇಳಿದೆ. ನನ್ನನ್ನು ಅಣಕಿಸುತ್ತಾಳೆ ಎಂದು ನೀವು ಅದಕ್ಕೇ ಅವಳ ಕೆನ್ನೆಗೆ ಹೊಡೆದಿದ್ದಿರಿ. ಅಣಕವಲ್ಲವಂತೆ. ನಾನು ಹಾಲು ಕೊಡುವಾಗ ಆಡಿದ ಮಾತನ್ನು ಅವಳು ಇಡಿಯಾಗಿ ಹಿಡಿದಿಟ್ಟುಕೊಂಡಿದ್ದಾಳೆ, ಅವಳು ಹಾಲು ಕೇಳುವುದೇ ಹಾಗೆ. ನಮ್ಮ ಹುಡುಗಿ ಕೇಳುತ್ತಿದ್ದಳು. ನಾವು ಹೊಡೆದು ಬಾಯಿ ಮುಚ್ಚಿಸಿದೆವು, ಆಮೇಲೆ ಆ ಭಾಷೆಯನ್ನೇ ಮನೆಯಿಂದ ಹೊರಗೆ ಹಾಕಿದೆವು.

ಇದಕ್ಕೆ ಆಟಿಸಂ ಎನ್ನುತ್ತಾರೆ. ಮೂಕತನವಲ್ಲ, ಹುಚ್ಚಲ್ಲ. ನಾನು ಬಸುರಿದ್ದಾಗ ಹಿಡಿದ ಗ್ರಹಣದ್ದೂ ಅಲ್ಲ, ಮೂರು ಭಾಷೆಯದೂ ಅಲ್ಲ. ಹುಟ್ಟುವಾಗಲೇ ಬಂದದ್ದು, ಇದಕ್ಕೆ ಗುಳಿಗೆಯಿಲ್ಲ, ಆದರೆ ಕಲಿಸಿದರೆ ಕಲಿಯುತ್ತಾಳೆ. ತಾಯಿ ಪ್ರೀತಿ ಕಡಿಮೆ ಮಾಡಿದ್ದರಿಂದ ಹೀಗಾಗುತ್ತದೆ ಎಂದು ಕೆಲವು ದೊಡ್ಡ ಡಾಕ್ಟರರೇ ಹೇಳುತ್ತಾರಂತೆ, ಅದು ಸುಳ್ಳು ಎಂದರು. ಮಲ್ಲಕ್ಕ ಅದನ್ನು ನನಗೆ ಎರಡು ಸಲ ಹೇಳಿದಳು. "ಡಾಕ್ಟರಬಾಯಿ ಒಂದ ಸಲ ಹೇಳ್ಯಾರ, ಇನ್ನೊಂದ ನಂದು" ಎಂದಳು. ನಾನು ಅಲ್ಲಿ ಅಳಲಿಲ್ಲ. ಯಾವ ಭಾಷೆಯಲ್ಲಿ ಮಾತಾಡಲಿ ಎಂದು ಕೇಳಿದೆ. ನೀನು ಯಾವ ಭಾಷೆಯಲ್ಲಿ ನಗುತ್ತೀಯೋ ಅದರಲ್ಲಿ ಎಂದರು.

ಈಗ ಮಂಗಳವಾರ, ಗುರುವಾರ ಅಲ್ಲಿ ಆರು ಮಕ್ಕಳ ವರ್ಗ ನಡೆಯುತ್ತದೆ. ತಾಯಂದಿರೂ ಕೂಡಬೇಕು. ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಸಣ್ಣ ಮಾತು ಆಡಬೇಕು, ಆಡಿದ ಮೇಲೆ ಸುಮ್ಮನೆ ಕಾಯಬೇಕು. ಸ್ನಾನ, ಊಟ, ಹೊರಗೆ ಹೋಗುವುದು ದಿನಾ ಒಂದೇ ಕ್ರಮದಲ್ಲಿ ಆಗಬೇಕು. ಅವಳ ಬೆರಳನ್ನು ಹಿಡಿದು ತೋರಿಸುವುದನ್ನು ಕಲಿಸಬೇಕು. ಒಂದು ಬೆರಳಿಗೆ ಮೂರು ವಾರ ಹಿಡಿಯಿತು. ಹೋದ ಶುಕ್ರವಾರ ಮಧ್ಯಾಹ್ನ ಅವಳು ಹಾಲಿನ ಪಾತ್ರೆಯ ಮುಂದೆ ನಿಂತು ಆ ಹಳೆಯ ಮಾತು ಇಡಿಯಾಗಿ ಆಡಿದಳು. ನನ್ನದೇ ದನಿ, ಒಂದು ವರ್ಷದ ಹಿಂದಿನದು. ನಾನು ಹಾಗೆ ಮಾತಾಡುತ್ತಿದ್ದೆ ಎನ್ನುವುದು ನನಗೇ ಮರೆತುಹೋಗಿತ್ತು.

ಆಶ್ರಮದವರಿಗೆ ಜಾಗ ಬೇಡವೆಂದು ನಾನೇ ಬರೆದು ಹಾಕಿದ್ದೇನೆ. ನೀವು ರಜೆಗೆ ಬಂದಾಗ ಮನೆ ನಿಮ್ಮದೇ, ಊಟ ನಿಮ್ಮದೇ. ಆದರೆ ಹುಡುಗಿಯ ವಿಷಯ ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಬರೆದರೆ ನಿಮ್ಮ ಪತ್ರಗಳನ್ನು ಒಡೆಯದೆ ವಾಪಸು ಕಳಿಸುತ್ತೇನೆ. ಕಣ್ಣಿನ ಕಾಳಜಿ ತೆಗೆದುಕೊಳ್ಳಿ. ಬಿಸಿಲಿನಲ್ಲಿ ಬರಿತಲೆಯಲ್ಲಿ ಅಡ್ಡಾಡಬೇಡಿ. ಭಾಗಿಯ ಕಡೆಯಿಂದಲೂ ನಮಸ್ಕಾರ.

ಇಂತಿ,
ಸುಂದ್ರವ್ವ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ನಿಮ್ಮ ಮನೆತನದಲ್ಲಿ ಯಾರಾದರೂ ತಡವಾಗಿ ಮಾತು ಕಲಿತವರು ಇದ್ದಾರೆಯೇ ಎಂದು ಡಾಕ್ಟರಬಾಯಿ ಎರಡು ಸಲ ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿತ್ತು. ಅತ್ತೆಯವರು ಸಾಯುವ ಹಿಂದಿನ ವರ್ಷ ನನಗೊಬ್ಬಳಿಗೇ ಹೇಳಿದ್ದರು. ಐದು ತುಂಬುವವರೆಗೆ ನೀವು ಅವ್ವಾ ಎನ್ನಲಿಲ್ಲವಂತೆ. ಎತ್ತಿನ ಕೊರಳಗಂಟೆ ಹಿಡಿದು ಕೂತರೆ ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲವಂತೆ. ಇದನ್ನು ಎಲ್ಲಿಯಾದರೂ ಬಿಟ್ಟು ಬಾ ಎಂದು ಊರವರು ಅಂದಾಗ ಅತ್ತೆಯವರು ನಿಮ್ಮನ್ನು ಬಗಲಲ್ಲಿ ಎತ್ತಿಕೊಂಡು ಹೊಲಕ್ಕೆ ಹೋಗಿ ದಿನವಿಡೀ ನಿಮ್ಮ ಜೊತೆ ಮಾತಾಡುತ್ತಿದ್ದರಂತೆ. ನಿಮ್ಮ ಮಾನವೆಂದು ನಾನು ಬಾಯಿ ಬಿಡಲಿಲ್ಲ. ಡಾಕ್ಟರಬಾಯಿಗೆ ಅದು ಬೇಕಾಗಿದೆ. ಮರುಟಪಾಲಿಗೆ ನೀವೇ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ಕಳಿಸಿ.